ಒರೆಸಿಹಾಕಿದ ಕಿಟಕಿ

"ಜನ ಇರೋ ಮನೆ ಕಿಟಕಿ ಮುಚ್ಚಬಾರದು ಕಣೇ," ಅಂದ್ರು ಬುರುಲ್ ಅಪಾ. "ಚಿತ್ರದಲ್ಲೂ ಮುಚ್ಚಬಾರದು. ಅದ್ರಲ್ಲೂ ಹೊಟ್ಟೆಕಿಚ್ಚು ಇಟ್ಕೊಂಡು."

ಫೋನಲ್ಲಿ ಕಟ್ಟಡದ ಫೋಟೋ ತಿದ್ದುತ್ತಾ ಕೂತಿದ್ದ ಮೊಮ್ಮಗಳು ಬೆಗಾಯಿಂ ಕಿಸಕ್ಕಂತ ನಕ್ಕಳು. ಓಶ್‌ನಿಂದ ಬಿಷ್ಕೆಕ್‌ಗೆ ಓದೋಕೆ ಬಂದು, ಅಪಾ ಮನೆ ಸೇರಿ ಎರಡು ವರ್ಷ. "ಅಪಾ, ಇದು ಫೋನು. ನಿಮ್ಮ ಕುರಿ ಕಾಯೋ ಗುಡಾರ ಅಲ್ಲ!"

ಹೊಟ್ಟೆಕಿಚ್ಚಂತೂ ನಿಜ. ಅಪಾ ಮನೆ ಐದನೇ ಮಹಡಿಯ ಬಲತುದಿಗೆ. ಅದೇ ಮಹಡಿಯ ಎಡತುದಿಗೆ ಬೆಗಾಯಿಂ ಕ್ಲಾಸ್‌ಮೇಟ್ ಚೋಲ್ಪಾನ್. ಹೋದ ವರ್ಷ ಅವಳು ಇದೇ ಕಾಂಕ್ರೀಟು ಕಟ್ಟಡದ ಫೋಟೋನ ಒಂದರ ಮೇಲೊಂದು ಪೇರಿಸಿ ಮೋಡ ಮುಟ್ಟಿಸಿದ್ಳು. "ಅಬ್ಬಾ, ಇರುವೆಗೂಡು! ಇದೇ ನಮ್ಮ ಪೇಟೆ ಬಾಳು!" ಅಂತ ಜನ ಹೊಗಳಿದ್ದೇ ಹೊಗಳಿದ್ದು. ಬೆಗಾಯಿಂಗೆ ಒಂದೊಂದು ಮಾತೂ ಕಣ್ಣಿಗೆ ಖಾರದಪುಡಿ. ಕಾಲೇಜಿನ ಈ ಸಲದ ಪ್ರದರ್ಶನದಲ್ಲಿ ಚಿತ್ರ ಹಾಕೋಕೆ ಉಳಿದಿದ್ದು ಒಂದೇ ಗೋಡೆ. ಅವಳಿಗೋ, ಇವಳಿಗೋ.

ಬೆಗಾಯಿಂ ಫೋಟೋದಲ್ಲಿದ್ದ ಚೋಲ್ಪಾನ್ ಮನೆ ಕಿಟಕಿ ಮೇಲೆ ಬೆರಳಲ್ಲಿ ಕಾಂಕ್ರೀಟು ಬಳಿದ್ಳು. ಬಳೀತಾ ತಮಾಷೆಗೆ ಹಳೇ ಶಾಪ ಹಾಕಿದ್ಳು: "ನಿನ್ನ ಒಲೆ ಹೊಗೆ ಆರಲಿ!"

ಅಪಾ ಕೈಯಿಂದ ಚಹಾ ಬಟ್ಟಲು ಜಾರ್ತು. "ಅಳಿಸ್ಬಿಡೇ ಅದನ್ನ! ಚಿತ್ರ ಇರೋವರ್ಗೂ ಶಾಪ ಇರತ್ತೆ." ಕೆಟ್ಟದ್ದು ದೂರ ಹೋಗ್ಲಿ ಅಂತ ಮನೆ ತುಂಬ ಅರ್ಚಾ ಸೊಪ್ಪಿನ ಹೊಗೆ ಹಾಕಿದ್ರು. ಬೆಗಾಯಿಂ ಕೆಮ್ಮುತ್ತಲೇ ನಕ್ಕಳು.

ಮಾರನೇ ಬೆಳಗ್ಗೆ ಮೆಟ್ಟಿಲ ಮೇಲೆ ಚೋಲ್ಪಾನ್ ಸಿಕ್ಕಳು. ತುಟಿ ಬೂದಿ ಬಣ್ಣ.

"ನಿಮ್ಮನೇಲಿ ಗಾಳಿ ಬರ್ತಿದ್ಯಾ? ನಮ್ಮನೇಲಿ ಬರೀ ಹಸಿ ಸಿಮೆಂಟಿನ ವಾಸ್ನೆ ಕಣೇ. ಉಸಿರೇ ಆಡಲ್ಲ. ಊರಿಗೆ ಹೊರಟೆ."

"ಹೋಗು, ಹೋಗು. ನಿಧಾನಕ್ಕೆ ಬಾ," ಅಂದ್ಳು ಬೆಗಾಯಿಂ. ಶಾಪ ತಟ್ಟೇಬಿಡ್ತಾ? ಹೊಟ್ಟೆಯಲ್ಲಿ ಸಕ್ಕರೆ ಕರಗ್ತು.

ಅಂಗಳದ ಬೆಂಚಲ್ಲಿ ಕೂತು ಚಿತ್ರ ನೋಡಿದ್ಳು. ಏನೋ ಒಂದು ಕಡೆ ವಾಲಿದ ಹಾಗಿತ್ತು. ಎಡ ಅರ್ಧನ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಬಲಕ್ಕೆ ಅಂಟಿಸಿದ್ಳು. ಆಹಾ! ಎರಡೂ ತುದಿ ಕುರುಡು, ಕಿಟಕಿಯೇ ಇಲ್ಲ. ಪಕ್ಕದ ಮನೆಯವರನ್ನೇ ನೋಡದ ಪೇಟೆಗೆ ಇದಕ್ಕಿಂತ ಬೇರೆ ಮಾತು ಬೇಕಾ? ಪ್ರದರ್ಶನದ ಪುಟಕ್ಕೆ ಏರಿಸಿದ್ಳು. ಗಳಿಗೆಯಲ್ಲಿ ಉತ್ತರ: ಗೋಡೆ ನಿಮ್ಮದು.

ಕುಣಿದಾಡೋಷ್ಟರಲ್ಲಿ ಫೋನು. ಅಪಾ.

"ಮಗಾ... ಕತ್ತಲೆ. ನಮ್ಮ ಕಿಟಕಿ ಎಲ್ಲೋಯ್ತು?"

ಬೆಗಾಯಿಂ ತಲೆ ಎತ್ತಿದ್ಳು. ನಡುಹಗಲು. ಐದನೇ ಮಹಡಿ. ಬಲತುದಿ. ಹೂವಿನ ಪರದೆ ಇಲ್ಲ. ಕಿಟಕಿ ಇಲ್ಲ. ನುಣ್ಣನೆ ಕಾಂಕ್ರೀಟು. ಒಳಗಿಂದ ಗುದ್ದೋ ಸದ್ದು. ಧಪ್. ಧಪ್.

"ಅಳಿಸೇ... ಉಸಿರು..."

ಚಿತ್ರ ತೆರೆದು 'ಅಳಿಸು' ಒತ್ತಿದ್ಳು. ಫೋನು ಕೇಳ್ತು: ಪೂರ್ತಿ ಅಳಿಸಬೇಕಾ? ಪ್ರದರ್ಶನದ ಪುಟದಿಂದಲೂ ಹೋಗುತ್ತೆ.

ಅಳಿಸಿದ್ರೆ ಗೋಡೆ ಚೋಲ್ಪಾನ್‌ದು.

ಒಂದು ಉಸಿರಿನಷ್ಟು ಹೊತ್ತು ತಡೆದ್ಳು. ಅಷ್ಟೇ. ಆಮೇಲೆ 'ಹೌದು' ಒತ್ತಿದ್ಳು.

ಮೇಲೆ ಕಿಟಕಿ ವಾಪಸ್ ಬಂತು. ಹೂವಿನ ಪರದೆ ಗಾಳಿಗೆ ಹಾರಾಡ್ತು.

"ಅಪಾ? ಅಪಾ, ಕಿಟಕಿ ಬಂತು ನೋಡಿ!"

ಫೋನಲ್ಲಿ ಪರದೆಯ ಪಟಪಟ ಮಾತ್ರ ಕೇಳ್ತಿತ್ತು. ಅವಳು ತಡೆದ ಆ ಒಂದು ಉಸಿರು ಅಪಾ ಅವರ ಕೊನೇ ಉಸಿರಾಗಿತ್ತು.