ಕೊನೆಯ ಪುಟದ ಸುಳ್ಳು

“ಸುಳ್ಳು! ಈ ಕೊನೆಯ ಪುಟ ಶುದ್ಧ ಸುಳ್ಳು!”

ತಮ್ಮ ಬೀದಿಯ ಎದುರು ಸಾಲಿನ ಕನ್ನಡಕದಂಗಡಿಯವನು ಅಷ್ಟು ಜೋರಾಗಿ ಹೇಳಿದಾಗ ಪುಟ್ಟಿ ಬೆಚ್ಚಿ ತಲೆಯೆತ್ತಿದಳು. ಅವನದು ಮುಖಪರಿಚಯವಷ್ಟೇ, ಮಾತಾಡಿದ್ದಿಲ್ಲ. ಅವನು ಹಿಡಿದಿದ್ದುದು ಮಾತ್ರ ಅವಳು ಬರೆದ ಮೊದಲ ಕಥೆ...

ವಾಚನಾಲಯದ ಮಹಡಿಯಲ್ಲಿ ಭಾನುವಾರ ಸೇರುವ ಬರಹಗಾರರ ಬಳಗದಲ್ಲಿ ಒಂದು ಪದ್ಧತಿ. ಹೆಸರು ಹಾಕದೆ ಕಥೆ ಕೊಡಬೇಕು, ಬೇರೆಯವರು ಓದಬೇಕು, ಎಲ್ಲರ ಅಭಿಪ್ರಾಯ ಮುಗಿಯುವವರೆಗೆ ಬರೆದವರು ತುಟಿ ಬಿಚ್ಚಬಾರದು.

“ಮನೆಯೊಳಗೆ ಉಸಿರುಗಟ್ಟಿ ಸಾಯ್ತಿರೋ ಹುಡುಗಿ, ಕೊನೆಗೆ ‘ನನ್ನಷ್ಟು ಸುಖಿ ಯಾರು’ ಅಂತ ನಗ್ತಾಳಾ? ಬರೆದೋರು ಯಾರಿಗೋ ಹೆದರಿದಾರೆ!”

“ಮೆಲ್ಲಗಪ್ಪಾ, ಬರೆದೋರು ಇಲ್ಲೇ ಎಲ್ಲೋ ಕೂತಿರ್ತಾರೆ!” ಎಂದರು ನಿವೃತ್ತ ಮೇಷ್ಟ್ರು. ಎಲ್ಲರೂ ನಕ್ಕರು.

ಪುಟ್ಟಿಗೆ ಅಳು ಉಕ್ಕಿ ಬಂತು. ಚಪ್ಪಲಿ ಮೆಟ್ಟಿದವಳೇ ಮೆಟ್ಟಿಲಿಳಿದಳು.

‘ಈ ಜನ್ಮದಲ್ಲಿ ಇನ್ನು ಬರೆಯಲ್ಲ!’

ಮನೆ ಅಣ್ಣನ ಲಾಂಡ್ರಿಯ ಮೇಲೆ. ಬೀದಿಗಿಳಿಯಬೇಕಾದರೆ ಅಂಗಡಿಯೊಳಗಿಂದ, ಅತ್ತಿಗೆಯ ಕುರ್ಚಿ ದಾಟಿಯೇ ಹೋಗಬೇಕು. ಬೈಗುಳವಿಲ್ಲ, ಏಟಿಲ್ಲ... ಬರೀ ಹೊಗಳಿಕೆ!

“ನಮ್ಮ ಪುಟ್ಟಿ ಬಂಗಾರ, ಅವಳಿಲ್ದೆ ಅಂಗಡಿ ಒಂದು ದಿನಾನೂ ನಡೆಯಲ್ಲ,” ಎಂದು ಅಣ್ಣ ಬಂದವರಿಗೆಲ್ಲ ಹೇಳುವನು. ನೋಡಲು ಬಂದ ಗಂಡುಗಳ ಕಡೆಯವರೂ ಆ ಮಾತು ಕೇಳಿಯೇ ಎದ್ದುಹೋಗಿದ್ದರು.

ಹೊಗಳುವವರಿಗೆ ಎದುರು ಮಾತಾಡುವುದು ಹೇಗೆ? ಗಂಟಲಲ್ಲಿ ಉಳಿದದ್ದೆಲ್ಲ ಒಂದು ಮಧ್ಯಾಹ್ನ ಅಂಗಡಿಯ ಹಳೆಯ ರಸೀದಿಗಳ ಬೆನ್ನ ಮೇಲೆ ಸಾಲುಸಾಲಾಗಿ ಇಳಿದಿತ್ತು. ಬರೆದಷ್ಟೂ ಹಗುರ... ಅವಳಿಗೇ ಅಚ್ಚರಿ!

ಮುಂದಿನ ಭಾನುವಾರ ಅವಳು ಬಳಗಕ್ಕೆ ಹೋಗಲಿಲ್ಲ.

“ಒಳ್ಳೇದಾಯ್ತು ಕಣೆ. ಇನ್ಮೇಲೆ ಭಾನುವಾರಾನೂ ಅಂಗಡಿ ತೆಗೆಯೋಣ,” ಎಂದಳು ಅತ್ತಿಗೆ.

ಪುಟ್ಟಿ ತಲೆಯಾಡಿಸಿದಳು. ಇದ್ದ ಒಂದು ಕಿಟಕಿಯನ್ನೂ ತಾನೇ ಮುಚ್ಚಿದಂತಾಯಿತು.

ಮರುದಿನ ಕೌಂಟರಿನ ಮುಂದೆ ಆ ಕನ್ನಡಕದಂಗಡಿಯವನೇ! ಕೈಯಲ್ಲೊಂದು ಅಂಗಿ.

“ಇದು ಇಸ್ತ್ರಿ ಆಗಿರೋ ಅಂಗಿ,” ಎಂದಳು ಮುಖ ಗಂಟಿಕ್ಕಿಕೊಂಡು.

“ಗೊತ್ತು. ಬರೋಕೊಂದು ನೆಪ ಬೇಕಿತ್ತಲ್ಲ.”

“ಇನ್ನೂ ನಗೋದು ಬಾಕಿ ಇದೆಯಾ? ಕಥೆ ನಂದು ಅಂತ ಯಾರು ಹೇಳಿದ್ರು?”

“ಅವತ್ತೇ ಗೊತ್ತಿತ್ತು. ಇಸ್ತ್ರಿ ಹಬೆಗೆ ಕೆನ್ನೆಗಂಟೋ ಕೂದಲ ಬಗ್ಗೆ ಹಾಗೆ ಬರೆಯೋರು ಇನ್ಯಾರಿದಾರೆ? ಎದುರಂಗಡಿಯಿಂದ ದಿನಾ ನೋಡ್ತಿರ್ತೀನಲ್ಲ.”

“ಗೊತ್ತಿದ್ದೂ ಎಲ್ಲರೆದುರು ಮರ್ಯಾದೆ ಕಳೆದ್ರಾ!”

“ಹೇಳಿದ ರೀತಿ ತಪ್ಪು, ಕ್ಷಮಿಸಿ. ಆದ್ರೆ ಚೆನ್ನಾಗಿದೆ ಅಂದಿದ್ರೆ...” ಅವನು ಅಂಗಿಯನ್ನು ಕೌಂಟರಿನ ಮೇಲಿಟ್ಟ. “ನೀವೂ ಇಲ್ಲೇ ನಗ್ತಾ ಉಳ್ಕೊಂಡ್ಬಿಡ್ತಿದ್ರಿ. ಆ ಹುಡುಗಿ ಹೊರಗೆ ಬರ್ಲಿ ಅಂತ ನಾನೆಷ್ಟು ಆಸೆಪಟ್ಟಿದ್ದೆ ಗೊತ್ತಾ?”

ಇಷ್ಟು ವರ್ಷ ಹೊಗಳಿದವರಲ್ಲಿ ಒಬ್ಬರಾದರೂ ಹೀಗೆ ಆಸೆಪಟ್ಟಿದ್ದರೇ?

“ಏನೇ ಅದು ಗುಸುಗುಸು? ಯಾವ ಹುಡುಗಿ?” ಅತ್ತಿಗೆ ಕೂತಲ್ಲಿಂದಲೇ ಕೂಗಿದಳು.

‘ಏನಿಲ್ಲ ಅತ್ತಿಗೆ...’ ನಾಲಿಗೆಯ ತುದಿಗೆ ಬಂದದ್ದನ್ನು ಪುಟ್ಟಿ ನುಂಗಿಕೊಂಡಳು.

“ನಾನು ಬರೆದ ಕಥೇಲಿ ಬರೋಳು. ಅತ್ತಿಗೆ, ಭಾನುವಾರ ನಾನು ಅಂಗಡಿಗೆ ಬರಲ್ಲ, ಬಳಗಕ್ಕೆ ಹೋಗ್ತೀನಿ. ಈಗಲೂ ಸ್ವಲ್ಪ ಹೊರಗೆ ಹೋಗಿಬರ್ತೀನಿ.”

“ಪುಟ್ಟೀ! ಮತ್ತೆ ಅಂಗಡಿ?”

“ನೀವಿದೀರಲ್ಲ ಅತ್ತಿಗೆ... ಬಂಗಾರದಂಥೋರು!”

ಅತ್ತಿಗೆ ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು. ಅವನು ಹಿಂದೆಯೇ ಓಡಿಬಂದ.

“ಭಯ ಆಗ್ತಿದೆ,” ಎಂದಳು.

“ನನಗೂ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳ್ಬೇಕು, ಬಾಯೇ ಬರ್ತಿಲ್ಲ.”

ಅವಳ ಕಣ್ಣು ತುಂಬಿತು. “ಹೇಳೇಬಿಟ್ರಲ್ಲ!”

“ಹೌದಲ್ವಾ... ಮತ್ತೆ, ನೀವೇನಂತೀರಿ?”

“ಸ್ವಲ್ಪ ದೂರ ನಡೆಯೋಣ... ನಿಧಾನಕ್ಕೆ ಹೇಳ್ತೀನಿ,” ಎಂದವಳು, ಅವನ ಕೈ ಹಿಡಿದುಕೊಂಡಳು.