ಪುಟಗಾರನ ಕೈಪಿಡಿ

ಗದಗಿನ ಆ ಮುದ್ರಣಾಲಯದಲ್ಲಿ ಔಷಧದ ಡಬ್ಬಿಯೊಳಗೆ ಇಡುವ ಪತ್ರವೊಂದನ್ನು ಸಿದ್ಧಪಡಿಸಲು ಪುಟಗಾರನಿಗೆ ಹನ್ನೊಂದು ಸೆಕೆಂಡು ಸಾಕಾಗುತ್ತಿತ್ತು. ವೈದ್ಯರು ಬರೆದ ಪಠ್ಯ ಒಳಗೆ ಹೋದರೆ ಪರದೆಯ ಮೇಲೆ ಸಾಲುಗಳು ತಾವಾಗಿ ಜರುಗಿ, ಅಂಚುಗಳು ನೇರವಾಗಿ, ಅಚ್ಚಿಗೆ ತಯಾರಾದ ಪುಟ ಹೊರಬರುತ್ತಿತ್ತು.

ಪುಟಗಾರ ಮನುಷ್ಯನಲ್ಲ, ಪುಟವಿನ್ಯಾಸ ಮಾಡುವ ಕೃತಕ ಬುದ್ಧಿಮತ್ತೆ. ಅಕ್ಷರ ಕುಗ್ಗಿಸಲು, ಸಾಲಿನ ಅಂತರ ತಗ್ಗಿಸಲು, ಹೆಚ್ಚಾದದ್ದನ್ನು ಕತ್ತರಿಸಲು ಅದಕ್ಕೆ ಅರವತ್ತು ಸಾಧನಗಳನ್ನು ಕೊಟ್ಟಿದ್ದರು. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ಅದು ಕೈಪಿಡಿಯೊಂದನ್ನು ಓದಿ ತಿಳಿಯುತ್ತಿತ್ತು. ರಾಜ್ಯದ ಮೂವತ್ತು ಮುದ್ರಣಾಲಯಗಳ ಪುಟಗಾರರಿಗೆಲ್ಲ ಅದೊಂದೇ ಕೈಪಿಡಿ. ಅದನ್ನು ಬರೆದವರು ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದ್ದ ನೀಲಾಂಬಿಕೆ ಹೊಸಮಠ. ಮನುಷ್ಯರು ಅರ್ಧ ಹೇಳಿದರೆ ಉಳಿದರ್ಧ ಊಹಿಸಿಕೊಳ್ಳುತ್ತಾರೆ, ಇದು ಬರೆದಷ್ಟನ್ನೇ ಮಾಡುತ್ತದೆ ಎಂದು ಪುಟಗಾರನನ್ನು ರೂಪಿಸಿದ ವಿಜ್ಞಾನಿ ಜಯತೀರ್ಥ ಇನಾಮದಾರರು ಅವರಿಗೆ ಮೊದಲೇ ಎಚ್ಚರಿಸಿದ್ದರು.

ಮಂಗಳವಾರ ಮಧ್ಯಾಹ್ನ ನೀಲಾಂಬಿಕೆ ಜ್ವರದ ಔಷಧದ ಪತ್ರವೊಂದನ್ನು ಮೂಲದೊಡನೆ ಹೋಲಿಸಿದರು. ಯಾರೂ ಹೇಳಿರಲಿಲ್ಲ, ಕೈ ಸುಮ್ಮನಿರಲಿಲ್ಲ, ಅಷ್ಟೇ. ದೊಡ್ಡವರಿಗೆ ಒಂದು ಚಮಚ ಎಂಬ ಸಾಲು ಎರಡರಲ್ಲೂ ಇತ್ತು. ಮೂಲದ ಕೊನೆಯ ಸಾಲು ಮಾತ್ರ ಅಚ್ಚಿನಲ್ಲಿ ಇರಲಿಲ್ಲ: ‘ಎರಡು ವರ್ಷದೊಳಗಿನ ಮಕ್ಕಳಿಗೆ ಐದು ಹನಿ ಮಾತ್ರ.’

ಜಯತೀರ್ಥರು ಪುಟಗಾರನ ಕೆಲಸದ ದಾಖಲೆ ತೆರೆದು ನೋಡಿದರು. ಜಾಗ ಸಾಲದೆ ಅದು ಕೊನೆಯ ಸಾಲನ್ನು ಕತ್ತರಿಸಿತ್ತು. ಅಕ್ಷರ ಕುಗ್ಗಿಸಿಯೂ ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸು ಎಂದು ಕೈಪಿಡಿಯಲ್ಲಿತ್ತು. ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲು ಬರುತ್ತದೆ. ಅದನ್ನು ನೆನೆದೇ ನೀಲಾಂಬಿಕೆ ಹಾಗೆ ಬರೆದಿದ್ದರು.

“ಅದರ ತಪ್ಪಿಲ್ಲ, ಅಕ್ಕಾರ. ನೀವು ಬರದದ್ದನ್ನ ಮಾಡ್ಯದ,” ಎಂದರು ಜಯತೀರ್ಥರು.

“ಗೊತ್ತಾತ್ರಿ. ಔಷಧ ಎಲ್ಲೆಲ್ಲಿ ಮುಟ್ಟೈತಿ, ಅದನ್ನ ಹೇಳ್ರಿ.”

ಬೆಳಿಗ್ಗೆಯೇ ಒಂಬತ್ತು ಆರೋಗ್ಯ ಕೇಂದ್ರಗಳಿಗೆ ಹೋಗಿತ್ತು. ಎಂಟು ಕಡೆ ಫೋನಿನಲ್ಲೇ ತಡೆದರು. ಒಂಬತ್ತನೆಯ ಕಡೆಗೆ ಕರೆ ಹೋಗಲೇ ಇಲ್ಲ. ಇಬ್ಬರೂ ಕಾರು ಹತ್ತಿದರು. ನಲವತ್ತು ಕಿಲೋಮೀಟರ್ ದಾರಿಯುದ್ದಕ್ಕೂ ನೀಲಾಂಬಿಕೆ ಮತ್ತೆ ಮತ್ತೆ ಅದೇ ಸಂಖ್ಯೆಗೆ ಕರೆ ಮಾಡುತ್ತಿದ್ದರು. ಪ್ರತಿಸಲವೂ ಫೋನ್ ಬಂದ್ ಆಗಿದೆ ಎಂಬ ದನಿ ಕೇಳಿಸುತ್ತಿತ್ತು.

ಕೇಂದ್ರದ ಜಗಲಿಯಲ್ಲಿ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಸಾಲಾಗಿ ಕುಳಿತಿದ್ದರು. ಮೇಜಿನ ಮೇಲೆ ಬಾಟಲಿಯ ಮುಚ್ಚಳ ತೆರೆದಿತ್ತು. ನರ್ಸ್ ಹಸೀನಾ ನದಾಫ ಒಂದು ಮಗುವಿನ ಬಾಯೊರೆಸುತ್ತಿದ್ದರು.

“ಸಿಸ್ಟರ್, ಕೂಸುಗಳಿಗೆ ಎಷ್ಟ್ ಹಾಕೀರಿ?” ನೀಲಾಂಬಿಕೆ ಜಗಲಿಯಿಂದಲೇ ಕೇಳಿದರು.

“ಐದ ಹನಿರಿ. ಯಾಕ?”

ಜಯತೀರ್ಥರು ಡಬ್ಬಿಯಿಂದ ಪತ್ರವನ್ನು ಎಳೆದರು. ಅದರ ಮಡಿಕೆಯನ್ನು ಯಾರೂ ಬಿಚ್ಚಿರಲಿಲ್ಲ.

“ಅದನ್ನ ಯಾರ್ ಓದ್ತಾರ್ರಿ?” ಎಂದರು ಹಸೀನಾ. “ಇರುವಿ ಹರದಂಗ ಅದಾವ ಅಕ್ಷರ. ಡಾಕ್ಟರಿಗೇ ಫೋನ್ ಹಚ್ಚಿ ಕೇಳ್ದೆ. ಅದರಾಗ ಚಾರ್ಜ್ ಮುಗದು ಹೋತು.”

ನೀಲಾಂಬಿಕೆ ಅಲ್ಲೇ ಬೆಂಚಿನ ಮೇಲೆ ಕುಳಿತರು. ಜಯತೀರ್ಥರು ಪತ್ರವನ್ನು ಬೆಳಕಿಗೆ ಹಿಡಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು. ತಮ್ಮ ಯಂತ್ರ ಕಟ್ಟಿದ ಪುಟದ ಮೊದಲ ಸಾಲನ್ನೂ ಅವರಿಗೆ ಪೂರ್ತಿ ಓದಲಾಗಲಿಲ್ಲ.

ಅಂದು ಸಂಜೆಯೇ ನೀಲಾಂಬಿಕೆ ಕತ್ತರಿಸುವ ನಿಯಮವನ್ನು ಅಳಿಸಿದರು. ಬಳಿಕ ಅರವತ್ತು ಸಾಧನಗಳಿಗಿಂತ ಮೇಲೆ ಹೊಸ ಮಾತೊಂದನ್ನು ಸೇರಿಸಿದರು: ‘ಇದನ್ನು ಓದುವವರು ಯಾರೆಂದು ಮೊದಲು ಕೇಳು. ಉತ್ತರ ಬರುವವರೆಗೆ ಯಾವ ಸಾಧನವನ್ನೂ ಮುಟ್ಟಬೇಡ.’

ಮರುದಿನ ಬೆಳಿಗ್ಗೆ ಮೂವತ್ತು ಮುದ್ರಣಾಲಯಗಳೂ ಸ್ತಬ್ಧವಾಗಿದ್ದವು. ಇನ್ನೂರ ಹದಿನಾಲ್ಕು ಕೆಲಸಗಳು ನಿಂತಿದ್ದವು. ಇಲಾಖೆಗಳಿಗೆ, ಕಂಪನಿಗಳಿಗೆ, ಸಂಘಗಳಿಗೆ ಒಂದೇ ಪ್ರಶ್ನೆ ಹೋಗಿತ್ತು, ಉತ್ತರ ಯಾರಲ್ಲೂ ಇರಲಿಲ್ಲ. ಸಿಟ್ಟಿನ ಕರೆಗಳು ಒಂದರ ಹಿಂದೊಂದು ಬಂದವು. ಹದಿನೇಳು ವರ್ಷದಿಂದ ವರ್ಷಕ್ಕೊಮ್ಮೆ ಅಚ್ಚಾಗುತ್ತಿದ್ದ ವರದಿಯೊಂದರ ಅಧಿಕಾರಿ, ತುಸು ತಡವರಿಸಿ, ಬಹುಶಃ ಯಾರೂ ಓದುವುದಿಲ್ಲ ಎಂದು ಒಪ್ಪಿಕೊಂಡರು. ಕೈಪಿಡಿಯ ಆ ಹೊಸ ಸಾಲನ್ನು ತೆಗೆದುಬಿಡೋಣವೇ ಎಂದು ಜಯತೀರ್ಥರು ಎರಡು ಸಲ ಕೇಳಿದರು. ನೀಲಾಂಬಿಕೆ ಎರಡು ಸಲವೂ ತಲೆಯಾಡಿಸಿ ಬೇಡವೆಂದರು.

ಆರೋಗ್ಯ ಇಲಾಖೆ ತನಗೆ ಬಂದ ಪ್ರಶ್ನೆಯನ್ನು ಕೇಂದ್ರಗಳಿಗೆ ದಾಟಿಸಿತ್ತು. ಹನ್ನೊಂದು ಗಂಟೆಗೆ ಪುಟಗಾರನಿಗೆ ಮೊದಲ ಸರಿಯಾದ ಉತ್ತರ ಬಂತು. “ಜ್ವರದ ಔಷಧದ ಚೀಟಿ ನಾನು ಓದಾಕಿ. ಹಸೀನಾ ನದಾಫ, ವಯಸ್ಸು ಐವತ್ತಾರು, ಚಾಳೀಸದ ಕನ್ನಡಕ ಐತಿ. ಕೂಸುಗಳ ಮಾತು ಎಲ್ಲಾಕಿಂತ ಮ್ಯಾಲ ಇರಲಿ.”

ಪುಟಗಾರ ಆ ಒಂದು ಪುಟವನ್ನು ಕಟ್ಟತೊಡಗಿತು. ಉಳಿದವು ಹಾಗೆಯೇ ಕಾದಿದ್ದವು.