ಹೆಸರು ಮರೆತ ಅಂಬಿಗ

ಬಹಳ ಬಹಳ ಹಿಂದೆ, ಕೆಂಬೊಳಲು ಎಂಬ ರಾಜ್ಯದಲ್ಲಿ, ಊರಿಗೂ ಸಂತೆಗೂ ನಡುವೆ ಒಂದು ಕಪ್ಪು ಕೆರೆಯಿತ್ತು. ಕೆರೆಯಲ್ಲಿ ಮಾಯಾಮೊಸಳೆಯಿತ್ತು. ದೋಣಿ ನಡುನೀರಿಗೆ ಬಂದಾಗ, ಹುಟ್ಟು ಹಿಡಿದವರು ಒಳಗಿದ್ದ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು. ಯಾರ ಹೆಸರು ಬಿಟ್ಟುಹೋಗುತ್ತದೋ ಅವರು ಮೊಸಳೆಯ ಪಾಲು. ಅಂಬಿಗ ದುಗ್ಗಪ್ಪ ಇಪ್ಪತ್ತು ವರ್ಷ ಒಂದು ಹೆಸರನ್ನೂ ಬಿಟ್ಟವನಲ್ಲ.

ಮೊಸಳೆಯನ್ನು ಸಾಕಿದವನು ಧೂಮಾಕ್ಷನೆಂಬ ಮಾಂತ್ರಿಕ. ಅದು ಹಸಿದು ಗೋಳಾಡುವುದನ್ನು ನೋಡಲಾರದೆ ಅವನು ಸೋರೆಬುರುಡೆಯಲ್ಲಿ ನೀಲಿರಸ ತುಂಬಿಕೊಂಡು ಬಂದ.

"ಒಂದೇ ಗುಟುಕು ದುಗ್ಗಪ್ಪ, ಮೈಕೈ ನೋವು ಹೋಗುತ್ತೆ" ಎಂದ.

ದುಗ್ಗಪ್ಪ ಕುಡಿದ. ನೋವು ಹೋಯಿತು. ಜೊತೆಗೇ ತಲೆಯೊಳಗಿನ ಒಂದು ಹೆಸರು ಹಾರಿಹೋಗಿ ಆ ಸೋರೆಬುರುಡೆ ಸೇರಿತು.

ಮೊದಲ ದಿನ ಕುಂಬಾರನ ಹೆಸರು ಬಾಯಿಗೆ ಬರಲಿಲ್ಲ. ಹಿಂದೆ ಕುಳಿತಿದ್ದ ಹೆಂಡತಿ ಈರವ್ವ ಪಿಸುಗುಟ್ಟಿದಳು, ಅವನು ಕೂಗಿದ. ಎರಡನೆಯ ದಿನ ಇನ್ನೂ ನಾಲ್ಕು ಗುಟುಕು ಕುಡಿದು ನಾಲ್ಕು ಹೆಸರು ಮರೆತ. ನಾಲ್ಕನ್ನೂ ಅವಳೇ ಪಿಸುಗುಟ್ಟಿ, "ಅವ್ರಿಗೆ ನೆಗಡಿ, ಗಂಟಲು ಕಟ್ಟೈತೆ" ಎಂದು ಜನರಿಗೆ ಹೇಳಿದಳು. ಪಾಪ, ಮನೆಯ ಮಾನ ಉಳಿಸಲು ಹೊರಟವಳು ಗಂಡನ ಕುಡಿತಕ್ಕೇ ಕಾವಲು ನಿಂತಳು. ಅವಳಿಗೆ ಅನ್ನ ಸೇರುತ್ತಿರಲಿಲ್ಲ. ನೀರು ಅಲುಗಿದರೂ ಎದೆ ಧಸಕ್ಕೆನ್ನುತ್ತಿತ್ತು.

ಮೂರನೆಯ ದಿನ ದೋಣಿಯಲ್ಲಿ ಮಗಳು ಹೊನ್ನಿಯಿದ್ದಳು. ಎಲ್ಲರ ಹೆಸರೂ ಆಯಿತು, ಅವಳದು ಉಳಿಯಿತು. ಈರವ್ವ ಪಿಸುಗುಟ್ಟಿದಳು. ದುಗ್ಗಪ್ಪನ ಕಿವಿ ಗುಂಯ್‌ಗುಡುತ್ತಿತ್ತು, ಕೇಳಲಿಲ್ಲ. ಮೊಸಳೆ ಮೇಲೆದ್ದು ದೋಣಿಯ ಅಂಚಿಗೆ ಮೂತಿ ಇಟ್ಟಿತು.

"ಅಪ್ಪಾ, ನಾನು!" ಎಂದು ಹೊನ್ನಿ ಚೀರಿದಳು.

"ಯಾರ ಮಗಳಮ್ಮ ನೀನು?" ಎಂದ ದುಗ್ಗಪ್ಪ.

ಈರವ್ವ ಧಡಕ್ಕನೆದ್ದಳು. ಗಂಡನ ಕೈಯಿಂದ ಹುಟ್ಟು ಕಸಿದುಕೊಂಡು, "ಹೊನ್ನೀ!" ಎಂದು ಕೂಗಿದಳು. ಮೊಸಳೆ ಹೊನ್ನಿಯನ್ನು ಬಿಟ್ಟು ದುಗ್ಗಪ್ಪನ ಕಡೆ ತಿರುಗಿತು. ಈಗ ಹುಟ್ಟು ಹಿಡಿದವಳು ಈರವ್ವ, ಅವನೂ ದಾಟುವವರಲ್ಲಿ ಒಬ್ಬ. ಆದರೆ ಆ ರಾಜ್ಯದಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಮದುವೆಯಾದಾಗಿನಿಂದ ಅವಳು ಹೇಳಿಯೇ ಇರಲಿಲ್ಲ. ಮೊಸಳೆ ಬಾಯಿ ತೆರೆಯಿತು.

"ದುಗ್ಗಪ್ಪಾ!" ಎಂದು ಅವಳು ಕೂಗಿದಳು. "ಕೇಳ್ರಪ್ಪೋ, ನನ್ನ ಗಂಡ ದುಗ್ಗಪ್ಪ ಕುಡುಕ ಆಗವ್ನೆ! ಮೂರು ದಿನದಿಂದ ನಾನೇ ಮುಚ್ಚಿಟ್ಟೆ!"

ಮೊಸಳೆ ಮುಳುಗಿತು.

ಮರುದಿನದಿಂದ ದುಗ್ಗಪ್ಪ ಹುಟ್ಟು ಮುಟ್ಟದೆ, ಕುಡಿಯದೆ ದಡದಲ್ಲಿ ಕುಳಿತ. ಮೊದಲ ಬೆಳಗು ಕೈ ಗಡಗಡ ನಡುಗಿತು. ಧೂಮಾಕ್ಷ ಬಂದು, "ಒಂದೇ ಗುಟುಕು, ನಡುಕ ನಿಲ್ಲುತ್ತೆ" ಎಂದ. ದುಗ್ಗಪ್ಪ ಕಣ್ಣು ಮುಚ್ಚಿ "ಬೇಡ" ಎಂದ. ಎರಡನೆಯ ಬೆಳಗು ಮೈತುಂಬ ಇರುವೆ ಹರಿದಂತಾಯಿತು. ಅಂದು "ಬೇಡ" ಎನ್ನಲು ಬಹಳ ಹೊತ್ತು ಹಿಡಿಯಿತು. ಮೂರನೆಯ ಬೆಳಗು ಧೂಮಾಕ್ಷ ಬುರುಡೆ ಒಡ್ಡಿದಾಗ ಕೈ ತಾನಾಗಿಯೇ ಅದರತ್ತ ಚಾಚಿಕೊಂಡಿತು. ಹೊನ್ನಿ ದಡದ ಮೇಲೆ ನೋಡುತ್ತ ನಿಂತಿದ್ದಳು. ದುಗ್ಗಪ್ಪ ಬುರುಡೆಯನ್ನು ಮೂಸಿದ, ಅತ್ತ, ಮತ್ತೆ ಮೂಸಿದ. ಆಮೇಲೆ ಎತ್ತಿ ಕಲ್ಲಿಗೆ ಅಪ್ಪಳಿಸಿದ.

ಧೂಮಾಕ್ಷನ ಪ್ರಾಣ ಅದರಲ್ಲಿತ್ತು. ಅವನು ಬೂದಿಯಾದ, ಮೊಸಳೆ ಬಂಡೆಯಾಯಿತು, ಕದ್ದ ಹೆಸರುಗಳು ಹಾರಿ ಬಂದವು.

"ಹೊನ್ನೀ" ಎಂದ ದುಗ್ಗಪ್ಪ. ಹೊನ್ನಿ ಓಡಿಬಂದು ತಬ್ಬಿಕೊಂಡಳು.

ಈರವ್ವ ಹುಟ್ಟು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. "ಸದ್ಯ ನೀನೇ ಹಿಡಿ ಈರವ್ವ. ನನಗೆ ನನ್ನ ಕೈ ಕಂಡ್ರೇ ಇನ್ನೂ ಭಯ."

ಈರವ್ವ ದೋಣಿ ನಡೆಸಿದಳು. ಕೆಂಬೊಳಲಿನವರೆಲ್ಲ ಸುಖವಾಗಿ ಬಾಳಿದರು. ದುಗ್ಗಪ್ಪನೂ ಬಾಳಿದ, ಒಂದೊಂದೇ ಬೆಳಗು ದಾಟಿಕೊಂಡು.